ಎಣ್ಣೆಗೆ ಕೊಟ್ಟ ದುಡ್ಡು, ಮನೆಗೆ ಕೊಟ್ಟ ದುಡ್ಡು

ಕೇಳುಗರೇ, ನಮಸ್ಕಾರ.

ನಿಮ್ಮಲ್ಲಿ ನಲವತ್ತು ದಾಟಿದವರಿಗೆ ನೀಲಿ ಬಣ್ಣದ ಸೀಮೆಎಣ್ಣೆ ನೆನಪಿರಬೇಕು. ತಿಂಗಳಿಗೊಮ್ಮೆ ರೇಷನ್ ಅಂಗಡಿ ಮುಂದೆ ಕ್ಯಾನುಗಳ ಸಾಲು. ಬಿಸಿಲಲ್ಲಿ ಯಾರು ನಿಲ್ಲೋದು ಅಂತ ಕ್ಯಾನನ್ನೇ ಸಾಲಲ್ಲಿ ಇಟ್ಟು, ನಾವು ಎದುರು ಜಗಲಿಯಲ್ಲಿ ಕೂರುತ್ತಿದ್ದೆವು. ಅಂಗಡಿಯವರು ಡ್ರಮ್ಮಿನಿಂದ ಎತ್ತಿ, ಆಲಿಕೆ ಇಟ್ಟು ಸುರಿಯುತ್ತಿದ್ದರು. ನೊರೆ ಇಳಿಯುವ ಮೊದಲೇ ಅಳತೆ ಮುಗಿದಿರುತ್ತಿತ್ತು. ಮನೆಗೆ ತಂದರೆ ಅಮ್ಮ ಕ್ಯಾನ್ ಎತ್ತಿ ನೋಡಿ, "ಈ ಸಲಾನೂ ಕಮ್ಮಿ ಕಣೋ" ಅನ್ನುತ್ತಿದ್ದರು.

ಆ ನೀಲಿ ಬಣ್ಣ ಸುಮ್ನೆ ಹಾಕಿದ್ದಲ್ಲ. ಇದು ರೇಷನ್ ಎಣ್ಣೆ, ಬೇರೆ ಕಡೆ ಮಾರುವಂತಿಲ್ಲ ಅಂತ ಗುರುತಿಸಲು ಹಾಕಿದ್ದು. ಆದರೂ ಮಾರುತ್ತಿದ್ದರು. ಸೀಮೆಎಣ್ಣೆ ಅಗ್ಗ, ಡೀಸೆಲ್ ದುಬಾರಿ. ಎರಡನ್ನೂ ಬೆರೆಸಿದರೆ ಲಾಭ. ಬಡವರ ಬುಡ್ಡಿದೀಪಕ್ಕೆ ಅಂತ ಹೊರಟ ಎಣ್ಣೆ ಯಾರದೋ ಲಾರಿಯ ಟ್ಯಾಂಕು ಸೇರುತ್ತಿತ್ತು. ನಮ್ಮಮ್ಮನಿಗೆ ಕಮ್ಮಿ ಬಿದ್ದ ಆ ಅರ್ಧ ಲೀಟರ್ ಎಲ್ಲಿಗೆ ಹೋಯಿತು ಅಂತ ನನಗೆ ಅರ್ಥವಾಗಿದ್ದು ಬಹಳ ವರ್ಷಗಳ ಮೇಲೆ.

ಇವತ್ತು ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಗ್ಯಾಸಿಗೆ ಸರ್ಕಾರ ಸಬ್ಸಿಡಿ ಕೊಟ್ಟಾಗ ಅದು ಎಣ್ಣೆಯ ಹಿಂದೆ ಹೋಗುತ್ತದೆ, ಬಡವರ ಹಿಂದೆ ಹೋಗುವುದಿಲ್ಲ. ಜಾಸ್ತಿ ಸುಡುವವರಿಗೆ ಜಾಸ್ತಿ ಸಿಗುತ್ತದೆ.

2012-13ರ ಲೆಕ್ಕ ನೋಡಿ. ಡೀಸೆಲ್, ಸೀಮೆಎಣ್ಣೆ, ಅಡುಗೆ ಗ್ಯಾಸನ್ನು ಅಸಲಿಗಿಂತ ಕಡಿಮೆ ಬೆಲೆಗೆ ಮಾರಿದ್ದಕ್ಕೆ ನಮ್ಮ ತೈಲ ಕಂಪನಿಗಳಿಗೆ ಬಿದ್ದ ಕೊರತೆ ಸುಮಾರು 1 ಲಕ್ಷ 61 ಸಾವಿರ ಕೋಟಿ ರೂಪಾಯಿ. ಅದರಲ್ಲಿ 92 ಸಾವಿರ ಕೋಟಿ ಡೀಸೆಲ್ ಒಂದಕ್ಕೇ. ಡೀಸೆಲ್ ಅಂದರೆ ರೈತರ ಟ್ರ್ಯಾಕ್ಟರ್, ಊರಿನ ಬಸ್ಸು, ನಿಜ. ಆದರೆ ದೊಡ್ಡ ದೊಡ್ಡ ಕಾರುಗಳೂ ಅದನ್ನೇ ಕುಡಿಯುತ್ತಿದ್ದವು. ಮಾಲ್‌ಗಳ ಜನರೇಟರ್, ಮೊಬೈಲ್ ಟವರ್‌ಗಳೂ ಅದರಲ್ಲೇ ಓಡುತ್ತಿದ್ದವು. ಶಾಲೆಗೆ, ಆಸ್ಪತ್ರೆಗೆ ಹೋಗಬಹುದಾಗಿದ್ದ ದುಡ್ಡು ಹೊಗೆಯಾಗಿ ಹೋಯಿತು. ಆ ಹೊಗೆಯನ್ನು ನಾವೇ ಉಸಿರಾಡಿದೆವು.

ಇದನ್ನು ನಿಲ್ಲಿಸಿದ ರೀತಿ ಮಾತ್ರ ನನಗೆ ಇಷ್ಟ. 2013ರ ಜನವರಿಯಿಂದ ಡೀಸೆಲ್ ಬೆಲೆ ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿತು. 2014ರಲ್ಲಿ ಜಗತ್ತಿನಲ್ಲೇ ಕಚ್ಚಾ ತೈಲ ಇಳಿಯಿತು. ಆ ಸಮಯ ನೋಡಿ ಅಕ್ಟೋಬರ್‌ನಲ್ಲಿ ಡೀಸೆಲ್ಲನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟರು. ಸೀಮೆಎಣ್ಣೆಗೂ ಹಾಗೇ. 2016ರಿಂದ ಮೊದಲು ತಿಂಗಳಿಗೆ 25 ಪೈಸೆ, ಆಮೇಲೆ ಹದಿನೈದು ದಿನಕ್ಕೆ 25 ಪೈಸೆ. 2021-22ರ ಬಜೆಟ್ ಹೊತ್ತಿಗೆ ಅದರ ಸಬ್ಸಿಡಿಯೇ ಇರಲಿಲ್ಲ.

ಗಲಾಟೆ ಯಾಕಾಗಲಿಲ್ಲ? ಬುಡ್ಡಿ ಆರುವ ಮೊದಲು ಬಲ್ಬು ಬಂದಿತ್ತು. ಬಡವರ ಮನೆಗೆ ಕರೆಂಟ್ ಕೊಡುವ ಭಾಗ್ಯಜ್ಯೋತಿ ನಮ್ಮಲ್ಲಿ ಹಳೆಯದು, 2017ರಲ್ಲಿ ಅಂಥದ್ದೇ ಕೇಂದ್ರದ ಸೌಭಾಗ್ಯ ಯೋಜನೆ ಬಂತು. ಒಲೆಗೆ 2016ರಿಂದ ಉಜ್ವಲಾ ಗ್ಯಾಸ್ ಬಂತು, ಅಂದರೆ ಬಡ ಮನೆಯ ಹೆಂಗಸರ ಹೆಸರಿಗೆ ಕೇಂದ್ರ ಕೊಡುವ ಗ್ಯಾಸ್ ಸಂಪರ್ಕ. ಕೈಗೆ ಬೇರೆ ದಾರಿ ಸಿಕ್ಕಿದವರು ಹಳೆಯದನ್ನು ತಾವೇ ಬಿಟ್ಟರು. ದಾರಿ ಸಿಗದವರು ಕಷ್ಟಪಟ್ಟರು. ನಮ್ಮ ಕರಾವಳಿಯ ನಾಡದೋಣಿಯವರನ್ನು ಕೇಳಿ. ಅವರ ಎಂಜಿನ್ ಓಡುವುದೇ ಸೀಮೆಎಣ್ಣೆಯಲ್ಲಿ. ಎಣ್ಣೆ ಬರುವುದು ತಡವಾದರೆ ದೋಣಿ ದಡದಲ್ಲೇ ಇರುತ್ತಿತ್ತು, ಮೀನು ಕಡಲಲ್ಲೇ.

ಇನ್ನು ಗ್ಯಾಸ್. ಸಿಲಿಂಡರಿಗೆ ಪೂರ್ತಿ ಬೆಲೆ ಕೊಡಿ, ಸಬ್ಸಿಡಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ ಅನ್ನುವ ಪದ್ಧತಿ 2013ರಲ್ಲಿ ಶುರುವಾದಾಗ ಮೊದಲ ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಇತ್ತು. 2015ರಲ್ಲಿ ಕೇಂದ್ರ ಸರ್ಕಾರ ಅನುಕೂಲ ಇರುವವರು ಸಬ್ಸಿಡಿ "ಬಿಟ್ಟುಕೊಡಿ" ಅಂತ ಕೇಳಿದಾಗ ಒಂದು ಕೋಟಿಗೂ ಜಾಸ್ತಿ ಮನೆಯವರು ಬಿಟ್ಟುಕೊಟ್ಟರು. ಜನರಿಗೆ ಕಾರಣ ಹೇಳಿದರೆ ಕೇಳುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆದರೆ 2020ರಲ್ಲಿ ಗ್ಯಾಸ್ ಬೆಲೆ ಇಳಿದಾಗ ಸಬ್ಸಿಡಿ ಸದ್ದಿಲ್ಲದೆ ನಿಂತಿತು. ಬೆಲೆ ಮತ್ತೆ ಏರಿದಾಗ ಅದು ವಾಪಸ್ ಬರಲಿಲ್ಲ. ಉಜ್ವಲಾದವರಿಗೂ 2022ರ ಮೇ ತನಕ ಬರಲಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸಿಲಿಂಡರ್ 1,100 ದಾಟಿತ್ತು.

2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಂದೇ ದಿನ ಎರಡು ತೀರ್ಮಾನ ಮಾಡಿತು. ಗ್ಯಾಸನ್ನು ಕಡಿಮೆ ಬೆಲೆಗೆ ಮಾರಿದ ನಷ್ಟ ತುಂಬಲು ತೈಲ ಕಂಪನಿಗಳಿಗೆ 30 ಸಾವಿರ ಕೋಟಿ. ಉಜ್ವಲಾ ಮನೆಗಳ ಸಬ್ಸಿಡಿಗೆ ಆ ವರ್ಷ 12 ಸಾವಿರ ಕೋಟಿ. ಮೊದಲನೆಯದರಲ್ಲಿ ನನಗೂ ಪಾಲಿದೆ, ಬಂಗಲೆಯಲ್ಲಿರುವವರಿಗೂ ಇದೆ. ನನಗದು ಬೇಕಿಲ್ಲ. ಮೊದಲು ಅದು ಹೋಗಬೇಕು.

ಎರಡನೆಯದು ಉಳಿಯಬೇಕು, ಜಾಸ್ತಿಯೂ ಆಗಬೇಕು. ಯಾಕೆ ಅಂದರೆ, ನಮ್ಮ ಬೀದಿಯ ಕೊನೆ ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಉಜ್ವಲಾ ಸಿಲಿಂಡರ್ ಅಡುಗೆಮನೆ ಮೂಲೆಯಲ್ಲಿದೆ, ಮೇಲೆ ಹಳೆ ಸೀರೆಯ ತುಂಡು ಹೊದಿಸಿದ್ದಾರೆ. ನೆಂಟರು ಬಂದರೆ, ಮಳೆಗೆ ಸೌದೆ ನೆನೆದರೆ ಹಚ್ಚುತ್ತಾರೆ. ಉಳಿದ ದಿನ ಕಟ್ಟಿಗೆ ಒಲೆ, ಕಣ್ಣು ಒರೆಸಿಕೊಳ್ಳುತ್ತಾ ಊದುಗೊಳವೆಯಲ್ಲಿ ಊದುವುದು. ಉಜ್ವಲಾ ಮನೆಗಳಲ್ಲಿ 2024-25ರಲ್ಲೂ ಇಡೀ ವರ್ಷಕ್ಕೆ ಖರ್ಚಾಗಿದ್ದು ಸರಾಸರಿ ಸುಮಾರು ನಾಲ್ಕೂವರೆ ಸಿಲಿಂಡರ್ ಅಷ್ಟೇ.

"ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಖಾತೆಗೆ ಬರುತ್ತಲ್ವಾ ಅಕ್ಕಾ?" ಅಂದೆ.

"ಬರುತ್ತಪ್ಪ, ಆಮೇಲೆ ಬರುತ್ತೆ. ಮೊದಲು ಪೂರ್ತಿ ದುಡ್ಡು ಕೊಡಬೇಕಲ್ಲ, ಅದನ್ನ ಎಲ್ಲಿಂದ ತರಲಿ?" ಅಂದರು.

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಉಜ್ವಲಾ ಮನೆಗಳಿಗೆ ಸಿಲಿಂಡರಿನ ದುಡ್ಡು ಮುಂಗಡವಾಗಿಯೇ ಖಾತೆಗೆ ಬಂದಿತ್ತು. ಆವಾಗ ಸಾಧ್ಯವಾಗಿದ್ದು ಈಗಲೂ ಸಾಧ್ಯ. ನನ್ನ ಸಿಲಿಂಡರಿನ ರಿಯಾಯಿತಿ ತೆಗೆದು, ಆ ಅಕ್ಕನ ಖಾತೆಗೆ ಬುಕ್ ಮಾಡುವ ಮೊದಲೇ ಹಾಕಲಿ.

ನಮಸ್ಕಾರ.