ಹಿಮ ಜಗಲಿಯಲ್ಲೇ ಇರಲಿ

ಕೇಳುಗರಿಗೆ ನಮಸ್ಕಾರ. ಚಳಿಗಾಲದಲ್ಲೂ ಫ್ಯಾನ್ ಹಾಕಿಕೊಳ್ಳುವ ಕಾರವಾರದಲ್ಲಿ ಕೂತು ಹಿಮದ ಬಗ್ಗೆ ಮಾತಾಡುತ್ತಿದ್ದೇನೆ, ನಗಬೇಡಿ. ಶಿರಸಿ ಕಡೆಯವರು ಕಂಬಳಿ ಹೊದ್ದು ಕೊಟ್ಟಿಗೆಗೆ ಹೋಗುತ್ತೀರಿ, ಒಪ್ಪಿದೆ. ಆದರೂ ಕೊಡದ ನೀರು ಗಡ್ಡೆಕಟ್ಟುವ ಚಳಿ ನಮಗೆ ಗೊತ್ತಿಲ್ಲ. ಕಾಶ್ಮೀರದ ಸೇಬಿನ ಮರಕ್ಕೆ ಗೊತ್ತು. ಆದರೂ ಅದು ಬದುಕುತ್ತದೆ.

ನಮ್ಮ ಅತ್ತಿಗೆಯ ಬಸಳೆಯ ಕತೆ ಕೇಳಿ. ಮನೆಗೆ ಮೊದಲ ಫ್ರಿಜ್ ಬಂದ ವಾರ. ತಣ್ಣಗಿದ್ದಷ್ಟೂ ತಾಜಾ ಎಂದು ಅವರು ಚಪ್ಪರದ ಬಸಳೆ ಕೊಯ್ದು ಫ್ರೀಜರಿಗೇ ತುರುಕಿದರು. ಮರುದಿನ ಎಲೆ ಹಪ್ಪಳದಂತೆ ಸೆಟೆದಿತ್ತು. "ನೋಡು ತಮ್ಮಾ, ಎಷ್ಟು ಗರಿಗರಿ" ಎಂದು ಮೊರದಲ್ಲಿ ಹರವಿಟ್ಟರು. ಕಾಯಿ ತುರಿದು ಬರುವಷ್ಟರಲ್ಲಿ ಎಲ್ಲವೂ ಕರಿಹಸಿರು ಲೋಳೆಯಾಗಿ ಮೊರದ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಅತ್ತಿಗೆ ಫ್ರಿಜ್ಜಿಗೂ ಬೈದರು, ಮಾರಿದವನಿಗೂ ಬೈದರು. ನಾನಾಗ ಬಿ.ಎಸ್ಸಿ. ಓದುವ ಹುಡುಗ, ಜೀವಕೋಶ, ಪೊರೆ ಎಂದು ಉತ್ಸಾಹದಿಂದ ಶುರು ಮಾಡಿದೆ. "ಅದಿರಲಿ, ಈಗ ಊಟಕ್ಕೆ ಏನು ಮಾಡಲಿ, ಅದನ್ನು ಹೇಳು" ಎಂದರು.

ಅಂದು ಅರ್ಧಕ್ಕೆ ನಿಂತದ್ದನ್ನು ಈಗ ಮುಗಿಸುತ್ತೇನೆ. ಬಸಳೆಯ ಕೋಶಗಳ ಪೊರೆ ಹರಿದು ರಸವೆಲ್ಲ ಸೋರಿತ್ತು. ಕೋಶದೊಳಗೆ ಮಂಜುಗಡ್ಡೆ ಹುಟ್ಟಿತೆಂದರೆ ಅದರ ಕತೆ ಮುಗಿಯಿತು. ಚಳಿನಾಡಿನ ಗಿಡದಲ್ಲಿ ನೀರು ಗಡ್ಡೆಕಟ್ಟುವುದೇ ಇಲ್ಲ ಎಂದುಕೊಂಡಿರಾ? ಕಟ್ಟುತ್ತದೆ! ಆದರೆ ಸೇಬಿನ ತೊಗಟೆಯಲ್ಲಿ ಅದು ಕೋಶಗಳ ನಡುವಿನ ಸಂದಿಯಲ್ಲಿ ಕಟ್ಟುತ್ತದೆ. ಬಂದವನನ್ನು ಜಗಲಿಯಲ್ಲೇ ಕೂರಿಸಿದ ಹಾಗೆ. ಜಗಲಿಯಲ್ಲಿ, ಒಳಗಲ್ಲ. ಅಲ್ಲಿ ಕೂತ ಹಿಮ ಕೋಶದ ನೀರನ್ನು ಹೊರಗೆಳೆಯುತ್ತದೆ. ಉಳಿದ ರಸ ಮಂದವಾಗುತ್ತದೆ. ಆಲೆಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕಬ್ಬಿನ ಹಾಲು ಫ್ರೀಜರಿನಲ್ಲಿ ಕಲ್ಲಾಗುತ್ತದೆ, ಅದನ್ನೇ ಕಾಯಿಸಿ ಮಂದ ಮಾಡಿದ ಜೋನಿ ಬೆಲ್ಲ ಕಲ್ಲಾಗುವುದಿಲ್ಲ. ಜಗಲಿಯಲ್ಲಿ ಹಿಮ, ಒಳಗೆ ಜೋನಿ ಬೆಲ್ಲ. ಇಷ್ಟು ನೆನಪಿಟ್ಟರೆ ಸಾಕು.

ಈ ಏರ್ಪಾಡಿಗೆ ಸಮಯ ಬೇಕು. ಗೋಧಿಯ ಬಳಗದ ರೈ ಎಂಬ ಪೈರು ಏಕಾಏಕಿ ಮೈನಸ್ 5 ಡಿಗ್ರಿಗೆ ಸಿಕ್ಕರೆ ಸಾಯುತ್ತದೆ. ಕೆಲವು ವಾರ ಸಣ್ಣ ಚಳಿ ಉಂಡ ಮೇಲೆ ಮೈನಸ್ 30ನ್ನೂ ತಾಳುತ್ತದೆ. ಆ ವಾರಗಳಲ್ಲಿ ಅದು ಸಕ್ಕರೆ ಕೂಡಿಟ್ಟುಕೊಳ್ಳುತ್ತದೆ, ಪೊರೆಯ ಕೊಬ್ಬನ್ನೂ ಬದಲಿಸಿಕೊಳ್ಳುತ್ತದೆ.

ಕೊಬ್ಬಿನ ವಿಷಯವನ್ನೂ ಹೇಳಬೇಕೆಂದಿದ್ದೆ. ಬಸಳೆಯೇ ಸಮಯ ತಿಂದಿತು. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಪಕ್ಕದ ಎಳ್ಳೆಣ್ಣೆ ಹರಿಯುತ್ತಲೇ ಇರುತ್ತದೆ. ಪೊರೆ ಎರಡನೆಯ ಜಾತಿಗೆ ತಿರುಗುತ್ತದೆ ಎಂದಿಟ್ಟುಕೊಳ್ಳಿ.

ನಂಬಿಕೆ ಬಾರದವರು ಫ್ರೀಜರಿನಲ್ಲಿ ಬಸಳೆ ಇಟ್ಟು ನೋಡಿ. ಒಂದೇ ಎಲೆ ಸಾಕು, ಮನೆಯವರ ಬೈಗುಳಕ್ಕೆ ನಾನು ಹೊಣೆಯಲ್ಲ. ನಮಸ್ಕಾರ.