ಟವರ್ ಫುಲ್ ಇದೆ, ಕಾಲ್ ಹೋಗ್ತಿಲ್ಲ

ನಮಸ್ಕಾರ ಕೇಳುಗರೇ. ಜಂಬೂಸವಾರಿ ದಿನ ಮೈಸೂರಲ್ಲಿ ಫೋನ್ ಮಾಡೋಕೆ ಹೋಗಿದೀರಾ? ನಾನು ಹೋಗಿದೀನಿ. ಕೆ.ಆರ್. ಸರ್ಕಲ್ ಹತ್ರ ಜನದ ಮಧ್ಯೆ ನಮ್ಮಕ್ಕ ತಪ್ಪಿಸ್ಕೊಂಡ್ಳು, ಫೋನ್ ತೆಗೆದು ನೋಡಿದ್ರೆ ಟವರ್ ಫುಲ್, ಕಾಲ್ ಮಾತ್ರ ಎರಡು ಸಲ ಕುಯ್ ಕುಯ್ ಅಂದು ಕಟ್ಟು.

ಫೋನ್ ಮೇಲೆ ಕಾಣೋ ಆ ಟವರ್ ಕಡ್ಡಿಗಳು ಹೇಳೋದು ಟವರಿನ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಅಷ್ಟೇ, ನಿಮಗೆ ಜಾಗ ಇದೆ ಅಂತಲ್ಲ. ಬಸ್ ಕಣ್ಣೆದುರೇ ನಿಂತಿರತ್ತೆ, ಹತ್ತೋಕಾಗಲ್ಲ ನೋಡಿ, ಹಂಗೆ.

ರೇಡಿಯೋಗೆ ಈ ತಾಪತ್ರಯ ಇಲ್ಲ, ನನ್ನ ಮಾತು ಹತ್ತು ಜನ ಕೇಳಿದ್ರೂ ಹತ್ತು ಲಕ್ಷ ಜನ ಕೇಳಿದ್ರೂ ಟವರಿಗೆ ಒಂದೇ ಕೆಲಸ. ಮೊಬೈಲಲ್ಲಿ ಒಬ್ಬೊಬ್ರದ್ದು ಒಂದೊಂದು ಮಾತು, ಸಾಲದ್ದಕ್ಕೆ ಫೋನಿಂದ ಟವರಿಗೆ ವಾಪಸ್ ಉತ್ತರ ಬೇರೆ ಹೋಗ್ಬೇಕು. ಹಳೇ 2ಜಿಯಲ್ಲಿ 200 ಕಿಲೋಹರ್ಟ್ಜ್ ಅಗಲದ ಒಂದು ಫ್ರೀಕ್ವೆನ್ಸಿ ಪಟ್ಟೀನ ಎಂಟು ಜನ ಸರದಿ ಮೇಲೆ ಹಂಚ್ಕೋತಾರೆ, ಒಂದು ಸರದಿ ಅಂದ್ರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಮ್ಮಿ, ಅದಕ್ಕೇ ಮಧ್ಯೆ ತುಂಡಾಗಿದ್ದು ನಮ್ಮ ಕಿವಿಗೆ ಗೊತ್ತೇ ಆಗಲ್ಲ.

ಹಂಗಾದ್ರೆ ಟವರ್ ಪವರ್ ಜಾಸ್ತಿ ಮಾಡ್ಲಿ ಅಂತಾರೆ ಜನ. ಉಲ್ಟಾ ಸ್ವಾಮಿ! 1947ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಟೆಲಿಫೋನ್ ಸಂಶೋಧನಾಲಯದ ಎಂಜಿನಿಯರ್‌ಗಳು ಬರೆದಿಟ್ರು, ಊರಿಗೊಂದು ದೊಡ್ಡ ಟವರ್ ಬೇಡ, ಊರನ್ನ ಸಣ್ಣ ಸಣ್ಣ ತುಂಡು ಮಾಡಿ, ಇಲ್ಲಿ ಬಳಸಿದ ಫ್ರೀಕ್ವೆನ್ಸೀನೇ ಸ್ವಲ್ಪ ದೂರದಲ್ಲಿ ಮತ್ತೆ ಬಳಸಿ ಅಂತ. ಆ ತುಂಡೇ ಸೆಲ್ಲು, ಸೆಲ್ ಫೋನ್ ಹೆಸರು ಬಂದಿದ್ದೇ ಅಲ್ಲಿಂದ. ಜನ ಜಾಸ್ತಿ ಆದಷ್ಟೂ ತುಂಡು ಚಿಕ್ಕದು, ಪವರ್ ಕಮ್ಮಿ, ಇಲ್ದಿದ್ರೆ ಪಕ್ಕದ ತುಂಡಿಗೆ ತೊಂದ್ರೆ. ದೊಡ್ಡ ಜಾತ್ರೆ, ಸಮಾವೇಶಕ್ಕೆ ಲಾರಿ ಮೇಲೆ ಟವರ್ ತಂದು ನಿಲ್ಲಿಸೋದೂ ಇದೇ ಲೆಕ್ಕ. 5ಜಿಯಲ್ಲಿ ಇನ್ನೂ ಮುಂದೆ ಹೋಗಿ ಒಂದೇ ಪೆಟ್ಟಿಗೇಲಿ ಹತ್ತಾರು ಆಂಟೆನಾ ಇಟ್ಟು, ಟಾರ್ಚ್ ಬಿಟ್ಟಂಗೆ ಆ ಕಡೆಯವ್ರಿಗೊಂದು ಈ ಕಡೆಯವ್ರಿಗೊಂದು ಕಿರಣ ಬಿಡ್ತಾರೆ.

ಆದ್ರೂ ಆನೆ ಬರ್ತಿದ್ದಂಗೆ ಎಲ್ರೂ ಒಟ್ಟಿಗೆ ವಿಡಿಯೋ ಕಳಿಸೋಕೆ ನಿಂತ್ರೆ ಏನ್ಮಾಡ್ತಾರೆ ಹೇಳಿ. ಕಾಲ್ ಮಾಡೋ ಮುಂಚೆ ಫೋನು "ನಾನಿದೀನಿ" ಅಂತ ಕೈ ಎತ್ತಬೇಕು, ಇಬ್ರು ಒಂದೇ ಕ್ಷಣ ಎತ್ತಿದ್ರೆ ಡಿಕ್ಕಿ, ಇಬ್ರೂ ಸ್ವಲ್ಪ ಕಾದು ಮತ್ತೆ ಎತ್ತಬೇಕು. ನಾವೋ ಕಟ್ಟಾದ ತಕ್ಷಣ ರೀಡಯಲ್ ಒತ್ತೀವಿ, ನೂಕುನುಗ್ಗಲು ಇನ್ನೂ ಜಾಸ್ತಿ.

ಇಂಥ ಟೈಮಲ್ಲಿ ಹಳೇ ಎಸ್ಸೆಮ್ಮೆಸ್ ವಾಸಿ, ಅದಕ್ಕೆ ಜಾಗ ಚೂರೇ ಸಾಕು. ಇಂಗ್ಲಿಷಲ್ಲಿ 160 ಅಕ್ಷರ, ಕನ್ನಡ ಲಿಪೀಲಿ 70, ಅದ್ರಲ್ಲೂ ಕೊಂಬು ದೀರ್ಘ ಎಲ್ಲ ಲೆಕ್ಕಕ್ಕೆ ಬರತ್ತೆ. "ದೇವರಾಜ ಮಾರ್ಕೆಟ್ ಗೇಟ್ ಹತ್ರ ಇದೀನಿ" ಅಂತ ಹಾಕ್ದೆ. ಹತ್ತು ನಿಮಿಷದ ಮೇಲೆ ಅಕ್ಕ ಬಂದ್ಳು, ಅಂಬಾರಿ ಅಷ್ಟೊತ್ತಿಗೆ ಮುಂದೆ ಹೋಗಿತ್ತು.