ನಮ್ಮ ಕರಿಕಲ್ಲಿನ ತವರು: ರಿಯೂನಿಯನ್‌ಗೆ ಹೊಂಟವರಿಗೆ

ವಿಜಯಪುರದ ಯಾವುದೇ ಎರಿ ಹೊಲದ ಬದುವಿಗೆ ಹೋಗಿ ಒಂದು ಕರಿಕಲ್ಲು ಕೈಯಾಗ ಹಿಡೀರಿ. ಭಾಳ ಕಲ್ಲಿನಾಗ ಸಣ್ಣ ಸಣ್ಣ ತೂತು ಕಾಣ್ತಾವ. ಹುಳ ಕೊರದದ್ದಲ್ಲ ಅದು. ಲಾವಾ ಆರೂಮುಂದ ಒಳಗ ಸಿಕ್ಕೊಂಡ ಗಾಳಿ ಗುಳ್ಳಿ. ಕೆಲವು ತೂತಿನಾಗ ಬಿಳೇ ಹರಳು ಇರ್ತಾವಲ್ಲ, ಅವು ಆಮ್ಯಾಲೆ ನೀರು ಇಳದು ಕಟ್ಟಿದ್ದು.

ಸುಮಾರು 6.6 ಕೋಟಿ ವರ್ಷದ ಹಿಂದ ಈ ಲಾವಾ ಉಕ್ಕಿಸಿದ ನೆಲದಾಳದ ಬಿಸಿ ಚಿಲುಮಿ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗ ಐತಿ ಅಂತಾರ ಭೂವಿಜ್ಞಾನಿಗಳು. ಚಿಲುಮಿ ಹೆಚ್ಚುಕಡಿಮಿ ಅಲ್ಲೇ ಉಳೀತು, ನಮ್ಮ ನೆಲ ಉತ್ತರಕ್ಕ ಸರೀತು. ಬಾದಾಮಿ ಕೆಂಪುಗಲ್ಲು ಮಾತ್ರ ಈ ಬಳಗದ್ದಲ್ಲ, ಅದು ಇನ್ನೂ ಭಾಳ ಹಳೇ ಮರಳುಗಲ್ಲು.

ಮೊದಲ ಮಾತು ವೀಸಾದ್ದು. ದ್ವೀಪ ಫ್ರಾನ್ಸಿಂದು, ರೊಕ್ಕ ಯೂರೋ, ಆದ್ರ ಷೆಂಗೆನ್ ವಲಯದಾಗ, ಅಂದ್ರ ಒಂದೇ ವೀಸಾ ನಡಿಯೂ ಯುರೋಪ್ ದೇಶಗಳ ಗುಂಪಿನಾಗ, ಇಲ್ಲ. ಯುರೋಪ್ ವೀಸಾ ಐತಿ, ಸಾಕು ಅಂತ ಟಿಕೆಟ್ ಮಾಡಬ್ಯಾಡ್ರಿ. ರಿಯೂನಿಯನ್ ಹೆಸರು ಹೇಳೇ ನಿಯಮ ಕೇಳ್ರಿ.

ಈಗ ಬೆಟ್ಟ. ಪಿತೋಂ ದ ಲಾ ಫುರ್ನೇಜ್, ಈಗಲೂ ಲಾವಾ ಉಕ್ಕಿಸೂ ಜ್ವಾಲಾಮುಖಿ, 2,632 ಮೀಟರ್. ಗಾಡಿ ಸುಮಾರು 2,300 ಮೀಟರ್ ತನಕ ಹೋಗ್ತೈತಿ, ಪಾ ದ ಬೆಲ್‌ಕೊಂಬ್ ಅನ್ನೂ ಜಾಗಕ್ಕ. ಅಲ್ಲಿಂದ ಐನೂರಕ್ಕೂ ಹೆಚ್ಚು ಮೆಟ್ಟಲು ಕೆಳಗ ಇಳೀಬೇಕು. ಮಂದಿ ತಪ್ಪೂದು ಇಲ್ಲೇ: ಶುರುವಾತಿಗೆ ಇಳಿಜಾರು, ಹಗುರ ಅನಸ್ತೈತಿ. ಹೋಗಿ ಬರಾಕ ಐದಾರು ತಾಸು ನಡದು ಕಾಲು ಸೋತಾಗ ಅದೇ ಮೆಟ್ಟಲು ಏರಬೇಕು. ಆವಾಗ ಬಾಟ್ಲಿ ಖಾಲಿ. ಒಬ್ಬರಿಗೆ ಮೂರು ಲೀಟರ್ ನೀರು ಇರ್ಲಿ, ಒಂದು ಲೀಟರ್ ಆ ಏರಿಗೇ ತೆಗದಿಡ್ರಿ. ದಾರಿಯಾಗ ನೆರಳಿಲ್ಲ, ನೀರಿಲ್ಲ.

ಹೊತ್ತು ಹುಟ್ಟೂ ಮುಂಚೆ ಹೊಂಡ್ರಿ. ಮುಂಜಾನೆ ಹತ್ತರ ಸುಮಾರಿಗೆ ಮೋಡ ಏರಿ ಬರ್ತಾವ. ದಾರಿ ಅಂದ್ರ ಲಾವಾದ ಮ್ಯಾಲೆ ಬಳದ ಬಿಳೇ ಬಣ್ಣದ ಗುರ್ತು, ಅಷ್ಟೇ. ಮಂಜು ಮುಚ್ಚಿದ್ರ ಮುಂದಿನ ಗುರ್ತು ಕಾಣೂತನಕ ಈಗಿನ ಗುರ್ತು ಬಿಟ್ಟು ಹೆಜ್ಜಿ ಇಡಬ್ಯಾಡ್ರಿ. ಹೊಸಾ ಲಾವಾ ಗಾಜಿನಂಗ ಚೂಪು, ಬಿದ್ರ ಅಂಗೈ ಹರೀತೈತಿ. ಚಪ್ಪಲ್ ನಡಿಯೂದಿಲ್ಲ.

ಮ್ಯಾಲಿನ ದೊಲೊಮ್ಯೂ ಕುಳಿ 2007ರ ಏಪ್ರಿಲ್‌ನಾಗ ಕುಸೀತು. ತಳ 300 ಮೀಟರಿಗೂ ಹೆಚ್ಚು ಕೆಳಗ ಹೋತು, ಅಂದ್ರ ಆರು ಗೋಳಗುಮ್ಮಟ ಒಂದರ ಮ್ಯಾಲೊಂದು ನಿಲ್ಲಿಸಿದಷ್ಟು. ಅಂಚು ಬಿರುಕು ಬಿಟ್ಟೈತಿ. ಸೆಲ್ಫಿಗಂತ ನೋಡೂ ಜಾಗ ದಾಟಬ್ಯಾಡ್ರಿ. ಬೆಟ್ಟ ಉಕ್ಕೂ ಸೂಚನೆ ಬಂತಂದ್ರ ಮೆಟ್ಟಲಿನ ಗೇಟಿಗೆ ಬೀಗ ಬೀಳ್ತೈತಿ, ಅದಕ್ಕ ಒಂದೆರಡು ದಿನ ಕೈಯಾಗ ಇಟ್ಕೊಂಡೇ ಪ್ಲ್ಯಾನ್ ಮಾಡ್ರಿ.

ಮಳಿ ಲೆಕ್ಕ ಕೇಳ್ರಿ. 1966ರ ಜನವರಿಯಾಗ, ಒಂದೇ ಚಂಡಮಾರುತದಾಗ, ಈ ದ್ವೀಪದ ಫೋಕ್-ಫೋಕ್‌ನಾಗ 24 ತಾಸಿಗೆ 1,825 ಮಿ.ಮೀ. ಬಿತ್ತು. ವಿಜಯಪುರಕ್ಕ ಹೆಚ್ಚುಕಡಿಮಿ ಮೂರು ವರ್ಷದ ಮಳಿ! ಡಿಸೆಂಬರಿಂದ ಮಾರ್ಚ್ ಬಿಟ್ಟು, ಮೇ ಆದ ಮ್ಯಾಲೆ ಹೋಗ್ರಿ. ಆದ್ರ ನಮ್ಮ ಬ್ಯಾಸಗಿ ಅಂಗಿ ಸಾಕಾಗೂದಿಲ್ಲ, ಬೆಟ್ಟದ ಮ್ಯಾಲೆ ಮುಂಜಾನೆ ಥಂಡಿ ಕೊರೀತೈತಿ.

ಸಮುದ್ರದಾಗ ಶಾರ್ಕ್ ಅದಾವ. ಹವಳದ ಗೋಡಿ ಒಳಗಿನ ತಿಳಿನೀರು ಇಲ್ಲಾ ಕಾವಲಿರೂ ದಂಡಿ, ಇವೆರಡು ಬಿಟ್ರ ಈಜು ಬ್ಯಾಡ.

ಊಟದ ಚಿಂತಿ ಅಷ್ಟಿಲ್ಲ. ಸಿಲಾವೋಸ್ ಕಣಿವಿಯ ಮಸೂರ ಬ್ಯಾಳಿ, ಅನ್ನ ಸಿಗ್ತಾವ. ರೊಟ್ಟಿ, ಶೇಂಗಾ ಹಿಂಡಿ ಚೀಲದಾಗ ಹಾಕ್ಕೊಳ್ರಿ, ಆದ್ರ ಬೆಳಗಾವಿ ಕುಂದಾ ಮನ್ಯಾಗೇ ಬಿಡ್ರಿ. ಐರೋಪ್ಯ ಒಕ್ಕೂಟದ ನಿಯಮ ಅಲ್ಲೂ ನಡೀತೈತಿ, ಹಾಲಿನ ಪದಾರ್ಥ ಒಯ್ದ್ರ ಏರ್‌ಪೋರ್ಟಿನಾಗ ಕಸ್ಕೋತಾರ.